ಅಡಿವೆಪ್ಪನ ಯೋಗ, ಅವ್ವನ ಬುದ್ಧಿಮಾತು

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಕತೆ ಶುರುವಾಯಿತು.

ಚುರಮುರಿ ಭಟ್ಟಿಯ ಓಣಿಯಲ್ಲಿ ಕಲ್ಲವ್ವ ಅಂತ ಒಬ್ಬಳಿದ್ದಳು. ಅವಳಿಗೆ ಅಡಿವೆಪ್ಪ ಅಂತ ಒಬ್ಬನೇ ಮಗ. ಅವನ ಮೈ ಹಗ್ಗದ ಹಾಗೆ, ಹೇಗೆ ಬೇಕಾದರೂ ಬಾಗುತ್ತಿತ್ತು. ತಲೆ ಮಾತ್ರ ಬಾಗುತ್ತಿರಲಿಲ್ಲ. ಒಂದು ಮಾತು ಒಳಗೆ ಹೋದರೆ ಅಲ್ಲೇ ಗೂಟ ಹೊಡೆದುಕೊಂಡು ಕೂರುತ್ತಿತ್ತು. ಕಲ್ಲವ್ವ ಅವನನ್ನು ಭಟ್ಟಿ ಕೆಲಸಕ್ಕೆ ಹಾಕಿದಳು. "ಉರಿ ಆರಬಾರದು" ಅಂದದ್ದಕ್ಕೆ ಅಕ್ಕಿಯನ್ನೆಲ್ಲ ಇದ್ದಿಲು ಮಾಡಿದ. ಅಂಗಡಿಗೆ ಹಾಕಿದಳು. "ಅಂಗಡಿ ನೋಡ್ಕೋತಿರು" ಅಂದದ್ದಕ್ಕೆ ಎದುರಿನ ಕಟ್ಟೆಯ ಮೇಲೆ ಕೂತು ಸಂಜೆಯವರೆಗೆ ಅಂಗಡಿಯನ್ನೇ ನೋಡಿದ. ಕಳ್ಳ ಬಂದ, ಅವನನ್ನೂ ನೋಡಿದ.

ಕೊನೆಗೆ ಕಲ್ಲವ್ವ ಮಠದ ಸ್ವಾಮಿಗಳ ಕಾಲಿಗೆ ಬಿದ್ದು ಮಗನನ್ನು ಅಲ್ಲಿ ಯೋಗ ಕಲಿಯಲು ಬಿಟ್ಟಳು. ಅದನ್ನು ಚೆನ್ನಾಗಿಯೇ ಕಲಿತ. ಸಮುದಾಯ ಭವನದ ಕೀಲಿ ಬೂದಿಹಾಳ ಮಾಸ್ತರ ಹತ್ತಿರ ಇರುತ್ತಿತ್ತು. ಅವರು ಹೇಳಿದರು, "ಕಲ್ಲವ್ವಾ, ಬರೂ ಹುಣ್ಣಿವಿ ತನಕ ನಿನ್ನ ಮಗ ದಿನಾ ಮುಂಜಾನೆ ಪುಕ್ಕಟೆ ಕಲಸಲಿ. ಹುಣ್ಣಿವಿ ದಿನ ಮಂದಿ ಇದ್ರ ಅವನ ನೌಕರಿ ಖಾಯಂ. ಇಲ್ಲಂದ್ರ ಕೀಲಿ ವಾಪಸ್."

ಕಲ್ಲವ್ವನಿಗೆ ಇದೇ ಕಡೆಯ ಆಸೆ. ತಾನು ಕಣ್ಣು ಮುಚ್ಚಿದ ಮೇಲೆ ಈ ಮಗನ ಗಂಗಾಳಕ್ಕೆ ಅನ್ನ ಹಾಕುವವರು ಯಾರು ಅಂತ ಅವಳಿಗೆ ನಿಜವಾಗಿಯೂ ಹೆದರಿಕೆಯಿತ್ತು.

ಆದರೆ ಆ ಓಣಿ ಪುಕ್ಕಟೆ ಅಂದರೆ ಬಾಗಿಲು ಹಾಕಿಕೊಳ್ಳುವ ಓಣಿ. ಪುಕ್ಕಟೆ ಕಣ್ಣು ನೋಡಲು ಬಂದವನು ಕನ್ನಡಕ ಮಾರಿ ಹೋಗಿದ್ದ. ಪುಕ್ಕಟೆ ಪುರಾಣ ಹೇಳಲು ಬಂದವನು ಓಟು ಕೇಳಿ ಹೋಗಿದ್ದ. ಈಗ ಪುಕ್ಕಟೆ ಯೋಗ ಅಂದ ಕೂಡಲೇ ಓಣಿ ಹುಬ್ಬೇರಿಸಿ "ಏನೋ ಐತಿ" ಅಂದಿತು. ಏನು ಅಂತ ಪತ್ತೆ ಹಚ್ಚುವುದಕ್ಕೇ ಹೋಗಿ ಚಾಪೆ ಹಾಸಿತು.

ಮೊದಲ ದಿನ ಅಷ್ಟು ಕಣ್ಣು ಒಟ್ಟಿಗೆ ಕಂಡು ಅಡಿವೆಪ್ಪ ಮುಖವನ್ನೇ ಎತ್ತಲಿಲ್ಲ. ನೆಲ ನೋಡುತ್ತ ಗುಣುಗುಣು ಅಂದ. ಮುಂದಿನ ಸಾಲಿನಲ್ಲಿ ಭಟ್ಟಿ ಮಾಲೀಕ ವಿರೂಪಣ್ಣನೂ ಅವನ ಹೆಂಡತಿ ನೀಲವ್ವನೂ ಕೂತಿದ್ದರು.

"ಮಂತ್ರ ಹಾಕಾಕತ್ತಾನ" ಅಂದಳು ನೀಲವ್ವ.

"ಏನೋ ಐತಿ" ಅಂದ ವಿರೂಪಣ್ಣ.

ಮನೆಗೆ ಬಂದರೆ ಅವ್ವ ಬೈದಳು. "ಮಂದೀಗೆ ಹೆದರ್ತಿಯೇನಲೇ? ಎದುರಿಗೆ ಕುಂತೋರು ಮಂದಿ ಅಲ್ಲ, ಚುರಮುರಿ ಚೀಲ ಅಂತ ತಿಳಕೋ. ಚೀಲಕ್ಕ ಯಾರರ ಹೆದರ್ತಾರೇನು?"

"ಹೂಂ ಅವ್ವ. ಚೀಲ."

ಮರುದಿನ ಅಡಿವೆಪ್ಪನಿಗೆ ಹೆದರಿಕೆಯೇ ಇಲ್ಲ. ಬಂದ ಗಂಡಸರನ್ನೆಲ್ಲ ರಟ್ಟೆ ಹಿಡಿದು ಗೋಡೆಗೆ ಒತ್ತೊತ್ತಾಗಿ ನಿಲ್ಲಿಸಿದ. ಚೀಲ ನಿಲ್ಲಿಸಿದ ಮೇಲೆ ಕುಲುಕಬೇಕಲ್ಲ, ಚುರಮುರಿ ತಳಕ್ಕೆ ಕೂರಬೇಕಲ್ಲ? ಒಬ್ಬೊಬ್ಬರನ್ನೂ ಸೊಂಟ ಹಿಡಿದು ಎತ್ತಿ ಕುಲುಕಿದ. ವಿರೂಪಣ್ಣನ ಬಾಯಿಂದ ಎಲೆ ಅಡಿಕೆ ಉದುರಿತು. ನೀಲವ್ವ ತನ್ನ ಸರದಿ ಬರುವ ಮೊದಲೇ ಬಾಗಿಲು ದಾಟಿದಳು.

"ಸೊಂಟ ಯಾಕ ತಡವಿದ? ಯಾರ ಉಡದಾರ ಬೆಳ್ಳೀದು ಅಂತ ನೋಡಿಕೊಂಡಾನ. ಏನೋ ಐತಿ" ಅಂದಿತು ಓಣಿ.

ಅವ್ವ ಹಣೆ ಚಚ್ಚಿಕೊಂಡಳು. "ಮಂದೀನ್ನ ಮುಟ್ಟಬಾರದಲೇ ಮೂಳಾ. ದೂರ ನಿಂತು ಗಟ್ಟಿ ದನೀಲೆ ಹೇಳಬೇಕು."

"ಹೂಂ ಅವ್ವ. ದೂರ. ಗಟ್ಟಿ."

ಮರುದಿನ ಶವಾಸನ. ಎಲ್ಲರೂ ಅಂಗಾತ ಮಲಗಿದರು. ಅಡಿವೆಪ್ಪ ಭವನ ಬಿಟ್ಟ, ರಸ್ತೆ ದಾಟಿದ, ಓಣಿಯ ಆ ತುದಿಯ ನೀರಿನ ಟಾಕಿ ಹತ್ತಿದ. ಅಲ್ಲಿಂದ ಕೂಗಿದ, "ಎಲ್ಲಾರೂ ಹೆಣದಂಗ ಬಿದ್ಕೋರಿ! ಯಾರೂ ಏಳಬ್ಯಾಡ್ರಿ!"

ನಲ್ಲಿಯ ಹತ್ತಿರ ಪಾಳಿ ಹಚ್ಚಿದ್ದ ನೀಲವ್ವ ಕೊಡ ಬಿಟ್ಟು ಓಡಿದಳು. ಓಣಿಯೂ ಹಿಂದೆ ಓಡಿತು. ನೋಡಿದರೆ ಜನ ಸಾಲಾಗಿ ಬಿದ್ದಿದ್ದಾರೆ. ನೀಲವ್ವ ಗಂಡನ ತಲೆಯ ಹತ್ತಿರ ಕೂತು ಹಾಡ್ಯಾಡಿ ಅತ್ತಳು. ಅವನಂಥ ದೊರೆ ಇಲ್ಲ, ಅವನಂಥ ಸಾವಕಾರ ಇಲ್ಲ, ಒಂದು ದಿನ ಎದುರು ಮಾತಾಡಿದವನಲ್ಲ ಅಂತ ಗುಣಗಳನ್ನೆಲ್ಲ ಎತ್ತಿ ಹಾಡಿದಳು. ವಿರೂಪಣ್ಣ ಕಣ್ಣು ಬಿಡಲಿಲ್ಲ. ಇಂಥ ಮಾತು ಅವನು ಎಂದೂ ಕೇಳಿರಲಿಲ್ಲ, ಮುಗಿಯುವ ತನಕ ಕೇಳಿಸಿಕೊಂಡ.

ಅವನು ಎದ್ದು ಕೂತಾಗ ನೀಲವ್ವ ಕಣ್ಣು ಕಿರಿದು ಮಾಡಿದಳು. "ನನ್ನ ಮನಸ್ಸು ತಿಳ್ಕೊಳ್ಳಾಕ ನೀವೂ ಆ ಅಡಿವೆಪ್ಪನೂ ಕೂಡಿ ಮಾಡಿದ್ದೇನು? ಏನೋ ಐತಿ."

ಅವ್ವ ಬೈದಳು. "ಮಲಗಿದವರಿಗೆ ಕೂಗ್ತಾರೇನಲೇ? ಮೆತ್ತಗ ಹತ್ರ ಹೋಗಬೇಕು. ಹಣಿ ಮ್ಯಾಲ ಕೈ ಇಟ್ಟು, ಅವಸರ ಇಲ್ಲ, ಹಂಗ ಇರ್ರಿ ಅನ್ನಬೇಕು."

"ಮುಟ್ಟಬಾರದು ಅಂದಿದ್ದಿ?"

"ಹಣಿ ಮುಟ್ಟಿದ್ರ ನಡೀತೈತಿ."

"ಹೂಂ ಅವ್ವ. ಹಣಿ. ಮೆತ್ತಗ."

ಮರುದಿನ ಹಲಾಸನ. ವಿರೂಪಣ್ಣ ಮಲಗಿದಲ್ಲಿಂದ ಕಾಲೆತ್ತಿ ತಲೆಯ ಆಚೆ ಚೆಲ್ಲಿದ. ಹೋದ ಕಾಲು ವಾಪಸು ಬರಲಿಲ್ಲ. ಹೊಟ್ಟೆ ಗಂಟಲಿಗೆ ಬಂದು ಕೂತಿತು. "ಸತ್ನೋ, ಎತ್ರೋ" ಅಂದ. ಅಡಿವೆಪ್ಪ ಬೆಕ್ಕಿನ ಹಾಗೆ ಹೋದ, ಪಕ್ಕದಲ್ಲಿ ಕೂತ, ಹಣೆಯ ಮೇಲೆ ಕೈ ಇಟ್ಟ.

"ಅವಸರ ಇಲ್ಲ ಕಾಕಾ, ಹಂಗ ಇರ್ರಿ."

ಉಳಿದವರು ಓಡಿ ಬಂದು ಉರುಳಿಸಿದ ಮೇಲೆಯೇ ವಿರೂಪಣ್ಣನಿಗೆ ಉಸಿರು ಬಂದದ್ದು. "ನನ್ನ ಉಸುರು ಕಟ್ಟಿಸಿ ಭಟ್ಟಿ ಹೊಡಕೊಳ್ಳಾವ ಇದ್ದ" ಅಂದ. ಈ ಸಲ "ಏನೋ ಐತಿ" ಅಂತ ಯಾರೂ ಹೇಳಬೇಕಾಗಲಿಲ್ಲ. ಎಲ್ಲರೂ ಚಾಪೆ ಸುತ್ತಿಕೊಂಡು ನಡೆದರು.

ಅವತ್ತು ಕಲ್ಲವ್ವ ಬೈಯುತ್ತ ಅತ್ತಳು. "ನಾಳೆ ಹುಣ್ಣಿವಿ ಐತಲೇ. ಸಿಕ್ಕೊಂಡವರ ಎರಡೂ ಕಾಲು ಹಿಡದು ಜಗ್ಗಿ ನೆಟ್ಟಗ ಮಾಡಬೇಕು. ಯಾರಿಗೂ ಹೆದರಬ್ಯಾಡ, ಯಾರ್ನೂ ಕೇಳಬ್ಯಾಡ."

"ಹೂಂ ಅವ್ವ. ಕಾಲು."

ಹುಣ್ಣಿಮೆ ಬಂತು. ಭವನದೊಳಗೆ ಒಂದು ಚಾಪೆಯೂ ಇಲ್ಲ. ಮಾಸ್ತರು ಕೀಲಿಗಾಗಿ ಬಾಗಿಲಲ್ಲಿ ನಿಂತಿದ್ದಾರೆ. ಓಣಿಯೆಲ್ಲ ಕಿಟಕಿಗಳಲ್ಲಿ ನಿಂತು ಇಣುಕುತ್ತಿದೆ, ಒಳಗೆ ಕಾಲಿಡಲು ಯಾರೂ ತಯಾರಿಲ್ಲ. ಕಲ್ಲವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು.

"ನನ್ನ ಮಗ ಇಂವ. ನನಗೇನೂ ಹೆದರಿಕಿ ಇಲ್ಲ" ಅಂದಳು. ಚಾಪೆ ಹಾಸಿ ಕೂತಳು. ಎಂದೂ ಯೋಗ ಮಾಡದವಳು ಕೈಯಿಂದ ಕಾಲು ಮಡಚಿ ಮಡಚಿ ಪದ್ಮಾಸನ ಹಾಕಿದಳು. ಕಣ್ಣು ಮುಚ್ಚಿ, ಈ ಮಗನನ್ನೊಂದು ದಡ ಹತ್ತಿಸಪ್ಪಾ ಶಿವನೇ ಅಂತ ತುಟಿಯಲ್ಲೇ ಬೇಡಿಕೊಂಡಳು.

ಅಡಿವೆಪ್ಪ ನೋಡಿದ. ಕಾಲು ಗಂಟುಬಿದ್ದಿವೆ. ಮುಖ ಕಿವುಚಿದೆ. ತುಟಿ ಅಲ್ಲಾಡುತ್ತಿದೆ, ದನಿ ಇಲ್ಲ. ಅವ್ವ ಸಿಕ್ಕಿಕೊಂಡಿದ್ದಾಳೆ!

ಎದೆ ಸೆಟೆಸಿದ. "ಹೆದರಬ್ಯಾಡ, ನಾ ಅದೀನಿ" ಅಂತ ಭವನ ಗುಡುಗುವಂತೆ ಹೇಳಿ, ಎರಡೂ ಕಾಲು ಹಿಡಿದು ಜಗ್ಗಿದ. ಎಷ್ಟೋ ಮದುವೆ ಊಟದ ಎಣ್ಣೆ ಕುಡಿದು ನುಣ್ಣಗಾಗಿದ್ದ ನೆಲ ಅದು. ಕಲ್ಲವ್ವ ಚಾಪೆ ಸಮೇತ ಜಾರಿದಳು, ಹೊಸ್ತಿಲು ದಾಟಿದಳು, ಮಾಸ್ತರ ಪಾದದ ಹತ್ತಿರ ಹೋಗಿ ನೆಟ್ಟಗಾದಳು.

ಓಣಿಯ ತಲೆಗಳೆಲ್ಲ ಕಿಟಕಿಯಿಂದ ಬಾಗಿಲಿಗೆ ಬಂದವು.

"ಹೆತ್ತ ತಾಯೀನ್ನ ಬಿಡಲಿಲ್ಲ" ಅಂದಳು ನೀಲವ್ವ.

ವಿರೂಪಣ್ಣ ತಲೆ ಕೆರೆದುಕೊಂಡು ಹೇಳಿದ, "ಮೋಸ ಮಾಡಾವ ತನ್ನ ಅವ್ವಗ ಹಿಂಗ ಮಾಡ್ತಾನೇನು? ಇವನ ತಲ್ಯಾಗ ಏನೂ ಇಲ್ಲ. ಹುಡಕಿದ್ರೂ ಏನೂ ಇಲ್ಲ."

ಏನೂ ಇಲ್ಲ ಅಂತ ಓಣಿಗೆ ಖಾತ್ರಿಯಾಯಿತು. ಒಬ್ಬೊಬ್ಬರೇ ಒಳಗೆ ಬಂದು ಚಾಪೆ ಹಾಸಿದರು. ಮಾಸ್ತರು ಕೀಲಿ ಅವನಲ್ಲೇ ಬಿಟ್ಟರು.

ಕಲ್ಲವ್ವ ಸೊಂಟ ಹಿಡಿದುಕೊಂಡು ಮನೆಗೆ ಬಂದಳು. ನೋವು ಒಂದು ಕಡೆ, ಸಂತೋಷ ಒಂದು ಕಡೆ. "ಮಗನ, ನಿನಗ ಧೈರ್ಯ ಬಂತು. ಇನ್ನ ನೀನ ಗುರು. ಇನ್ನಮ್ಯಾಲ ನನ್ನ ಮಾತು ಕೇಳಬ್ಯಾಡ" ಅಂದಳು.

"ಹೂಂ ಅವ್ವ. ಕೇಳೂದಿಲ್ಲ."

ಮರುದಿನ ಮುಂಜಾನೆ ಓಣಿಯೆಲ್ಲ ಭವನದ ಮುಂದೆ ಚಾಪೆ ಹಿಡಿದು ನಿಂತಿದೆ. ಬಾಗಿಲಿಗೆ ಬೀಗ. ಕೀಲಿ ಅಡಿವೆಪ್ಪನ ಉಡಿದಾರದಲ್ಲಿ. ಅಡಿವೆಪ್ಪ ಕೌದಿಯೊಳಗೆ.

"ಏಳಲೇ, ಹೊತ್ತಾತು, ಮಂದಿ ಕಾಯಾಕತ್ತಾರ."

ಅವನು ಮಗ್ಗಲು ಬದಲಿಸಿದ. "ನಿನ್ನ ಮಾತು ಕೇಳಬ್ಯಾಡ ಅಂದಿಯಲ್ಲ."

ಕಲ್ಲವ್ವ ಬೇಡಿದಳು, ಗದರಿದಳು, ನೀರು ಚಿಮುಕಿಸಿದಳು. ಅವನು ಏಳಲಿಲ್ಲ. ಕೊನೆಗೆ ರೋಸಿ ಹೋಗಿ, "ಹೋಗಬ್ಯಾಡ ಹಂಗಾರ. ಅಲ್ಲೇ ಬಿದ್ಕೋ" ಅಂದಳು. ಅಡಿವೆಪ್ಪ ಟಣ್ಣನೆ ಎದ್ದು ಕೀಲಿ ಹಿಡಿದು ಓಡಿದ.

ಆವತ್ತಿನಿಂದ ಕಲ್ಲವ್ವ ದಿನಾ ಕೋಳಿ ಕೂಗಿದ ಕೂಡಲೇ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ, "ಹೋಗಬ್ಯಾಡಲೇ ಮಗನ, ಯೋಗ ಕಲಸಬ್ಯಾಡ!" ಅಡಿವೆಪ್ಪ ಎಲ್ಲರಿಗಿಂತ ಮೊದಲು ಭವನದಲ್ಲಿರುತ್ತಾನೆ.

ಚಾಪೆ ಬಗಲಲ್ಲಿ ಹಿಡಿದು ಹೊರಟ ನೀಲವ್ವ ಗಂಡನ ಕಿವಿಯಲ್ಲಿ ಅಂದಳು, "ಹೆತ್ತಾಕಿಯೇ ದಿನಾ ಬ್ಯಾಡ ಬ್ಯಾಡ ಅಂತಾಳ. ಏನೋ ಐತಿ."