ಹೊಳೆಯಾಚೆಯ ಪುಟ್ಟ ಬೆಂಕಿ

"ಗುರುಗಳೇ, ನಮ್ಮ ಸೂರ್ಯನಿಗಿಂತ ಬಹಳ ಚಿಕ್ಕ ನಕ್ಷತ್ರಗಳಿವೆಯಂತೆ. ಅವುಗಳನ್ನೂ ಗ್ರಹಗಳು ಸುತ್ತುತ್ತವಂತೆ. ಅಲ್ಲಿ ನೀರು ನೀರಾಗಿ ನಿಲ್ಲುತ್ತದೆಯೇ? ಜೀವ ಇರುತ್ತದೆಯೇ?"

ಕೇಳಿದವನು ಶಿಷ್ಯ ಮಾಳಿಂಗ. ಕೇಳಿ ಸುಮ್ಮನಾಗಲಿಲ್ಲ, ಉತ್ತರವನ್ನೂ ತಾನೇ ಕೊಟ್ಟ. "ಎಲ್ಲಿಂದ ಬರಬೇಕು ಜೀವ? ಅಂಥ ಮಿಣುಕು ಬೆಂಕಿಗೆ ಯಾರು ಮೈ ಕಾಯಿಸಿಕೊಂಡಾರು? ಇಲ್ಲ ಅಂತ ಬೇಕಾದರೆ ಬರೆದುಕೊಡುತ್ತೇನೆ."

ಗುರುಗಳು ನಕ್ಕರು. "ಬರೆಯುವ ಮುಂಚೆ ಇಷ್ಟು ಕೇಳಿಬಿಡು," ಎಂದರು.

ಒಬ್ಬ ಕುರಿಗಾಹಿ ಇದ್ದ. ರೋಗ ಬಂದು ಅವನ ಮಂದೆಗೆ ಮಂದೆಯೇ ಹೋಯಿತು. ಕೊನೆಯ ಕುರಿ ದಾರಿಯಲ್ಲಿ ಈದು, ಮರಿಯ ಮೈ ನೆಕ್ಕುವಷ್ಟೂ ತ್ರಾಣವಿಲ್ಲದೆ ಸತ್ತಿತು. ಅದರ ಕೆಚ್ಚಲಲ್ಲಿ ಉಳಿದಿದ್ದ ಹಾಲನ್ನು ಅವನು ಕುಡಿಕೆಗೆ ಹಿಂಡಿಕೊಂಡ. ಹೆಣ್ಣುಮರಿಯನ್ನು ಕಂಬಳಿಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ಹೊಳೆ ದಾಟಿದ. ಮರಿ ಉಳಿದರೆ ಎಂದಾದರೂ ಮತ್ತೆ ಮಂದೆಯಾದೀತು. ಹೋದರೆ ಅವನಿಗೆ ಉಳಿಯುವುದು ಕೈಯಲ್ಲಿನ ಕೋಲು ಮಾತ್ರ.

ದಡ ಹತ್ತುವಾಗ ಹೊತ್ತು ಮುಳುಗಿ ಚಳಿ ಇಳಿದಿತ್ತು. ಅವನ ಮೈಯೆಲ್ಲ ತೊಯ್ದಿತ್ತು. ಎದೆಗೆ ಒತ್ತಿಕೊಂಡರೆ ಮರಿಗೆ ಇನ್ನಷ್ಟು ಚಳಿ. ಸಿಕ್ಕಿದ ಅರೆಹಸಿ ಪುಳ್ಳೆ, ಒಂದಿಷ್ಟು ಕುರಿಹಿಕ್ಕೆ ಸೇರಿಸಿ ಬೆಂಕಿ ಹಾಕಿದ.

ಆಚೆ ದಡದಲ್ಲಿ ಒಬ್ಬ ವ್ಯಾಪಾರಿ ಗಾಡಿ ಬಿಟ್ಟಿದ್ದ. ಅವನ ಬೆಂಕಿ ಆಳೆತ್ತರ ಉರಿಯುತ್ತಿತ್ತು.

"ಏನಣ್ಣಾ, ಅದು ಬೆಂಕಿಯೋ, ಬೀಡಿಯ ತುದಿಯೋ?" ಎಂದು ವ್ಯಾಪಾರಿ ಕೂಗಿದ.

"ನನ್ನ ಮರಿ ಎಷ್ಟಿದೆಯೋ ಬೆಂಕಿಯೂ ಅಷ್ಟಿದೆ, ಹೋಗಯ್ಯಾ!" ಎಂದು ಕುರಿಗಾಹಿಯೂ ಕೂಗಿದ.

ಹಟ್ಟಿಯಲ್ಲಾದರೆ ದೊಡ್ಡ ಬೆಂಕಿ. ಮರಿಗಳನ್ನು ದೂರ ಮಲಗಿಸುವುದು ಅವನ ರೂಢಿ. ಇಲ್ಲಿಯೂ ಹಾಗೇ ಮಲಗಿಸಿದ. ಕಾವು ಮುಟ್ಟಲಿಲ್ಲ. ಹತ್ತಿರ ತಂದ. ಇನ್ನೂ ಹತ್ತಿರ ತಂದ. ಹೊರಳಿ ಕೆಂಡಕ್ಕೆ ಬಿದ್ದೀತೆಂದು ಗೂಟ ನೆಟ್ಟು ಬಿಗಿಯಾಗಿ ಕಟ್ಟಿದ. ಈಗ ಮರಿಯ ಒಂದು ಮಗ್ಗುಲು ಬೆಂಕಿಗೆ, ಇನ್ನೊಂದು ಕತ್ತಲೆಗೆ. ಅದು ತಿರುಗುವಂತಿರಲಿಲ್ಲ. ಮೇಲೆ ಕಂಬಳಿ ಹೊದಿಸಿದ. ಕಾವು ಕಂಬಳಿಯೊಳಗೆ ಹರಿದು ಬೆನ್ನಿಗೂ ಬಂತು. ಬೆಚ್ಚಗಾಗಲಿ ಎಂದು ಹಾಲಿನ ಕುಡಿಕೆಯನ್ನು ಪಕ್ಕದಲ್ಲಿಟ್ಟ. ಮರಿ ಕಣ್ಣು ಬಿಟ್ಟು ಅವನ ಬೆರಳು ಚೀಪಿತು. ಮಂದೆಯೆಲ್ಲ ಸತ್ತಾಗಲೂ ಅಳದವನು ಆಗ ಅತ್ತ.

ಆದರೆ ಅದು ಹೊಸ ಬೆಂಕಿ. ಪುಳ್ಳೆ ಚಟಚಟ ಸಿಡಿಯತೊಡಗಿತು. ದೂರವಿದ್ದರೆ ಕಿಡಿ ತಾಕುತ್ತಿರಲಿಲ್ಲ. ದೂರವಿದ್ದರೆ ಚಳಿ ಬಿಡುತ್ತಿರಲಿಲ್ಲ. ಒಂದು ಕಿಡಿ ಹೊಸಕಿದರೆ ಮತ್ತೊಂದು ಬಿತ್ತು. ಕಂಬಳಿ ಜರಡಿಯಾಯಿತು. ಹಾಲು ಕುದಿದು ಅರ್ಧ ಬತ್ತಿತು.

ಕೊನೆಗೆ ಸಿಡಿತ ನಿಂತಿತು. ಕೆಂಡ ಹದಕ್ಕೆ ಬಂತು, ಎಷ್ಟು ಹೊತ್ತಾದರೂ ಹಾಗೇ ಇರಬಲ್ಲ ಕೆಂಡ. ಇನ್ನು ಭಯವಿಲ್ಲ ಎಂದು ಕುರಿಗಾಹಿ ಕಣ್ಣು ಮುಚ್ಚಿದ.

ಬೆಳಗಾದ ಮೇಲೆ ಎದ್ದು ಮರಿಯನ್ನು ಮುಟ್ಟಿದ. ಬೆಂಕಿಯ ಕಡೆಯ ಮೈ ಬೆಚ್ಚಗಿತ್ತು. ಗೆದ್ದೆ ಎಂದುಕೊಂಡ. ಆಮೇಲೆ ಜರಡಿಯಾದ ಕಂಬಳಿಯಡಿ ಬೆನ್ನ ಮೇಲೆ ಕೈ ಇಟ್ಟ. ಅದು ತಣ್ಣಗೆ ಕೊರೆಯುತ್ತಿತ್ತು.

ಕುಡಿಕೆಯಲ್ಲಿ ಹಾಲು ಕುಡಿಯುವ ಹದಕ್ಕೆ ಬೆಚ್ಚಗಿತ್ತು. ಕುಡಿಯುವ ಬಾಯಿ ಇರಲಿಲ್ಲ.

ಆಚೆ ದಡದ ದೊಡ್ಡ ಬೆಂಕಿ ಎಂದೋ ಬೂದಿಯಾಗಿತ್ತು. ವ್ಯಾಪಾರಿ ನಡುಗುತ್ತ ಹೊಳೆ ದಾಟಿ ಬಂದ. "ಅಣ್ಣಾ, ಒಂದು ಕೆಂಡ ಕೊಡ್ತೀಯಾ?"

ಕುರಿಗಾಹಿ ತಲೆ ಎತ್ತಲಿಲ್ಲ. "ತಗೋ. ಬೇಕಾದಷ್ಟಿದೆ."

ಗುರುಗಳು ಕತೆ ನಿಲ್ಲಿಸಿದರು. ಆದರೂ ಮಾಳಿಂಗನ ಜಂಬ ಬಿಡಲಿಲ್ಲ. "ನಾನು ಹೇಳಿದ್ದೇ ಆಯಿತಲ್ಲ ಗುರುಗಳೇ? ಅಲ್ಲಿ ಜೀವ ಇಲ್ಲ."

ಗುರುಗಳು ಆಕಾಶದ ಕಡೆ ನೋಡಿದರು. "ಆ ಪುಟ್ಟ ಬೆಂಕಿಗಳಲ್ಲಿ ಇನ್ನೂ ಒಂದೂ ಆರಿಲ್ಲ ಮಗೂ. ಅವುಗಳಿಗೆ ಒತ್ತಿಕೊಂಡು ಸುತ್ತುವ ಗ್ರಹಕ್ಕೆ ಅದರ ಗಾಳಿಯೇ ಕಂಬಳಿ. ಯಾವುದರ ಮೇಲೆ ಆ ಕಂಬಳಿ ಉಳಿದಿದೆಯೋ, ನೀನು ಹೋಗಿ ನೋಡಿಬಂದೆಯಾ?"