ಬ್ರೇಕೂ ಚಕ್ರದಡಿ ಕಲ್ಲೂ

"ಭಯನಾ? ನಂಗ್ಯಾಕಪ್ಪಾ ಭಯ!" ಅಂತು ಬ್ರೇಕು. ಯಾರೂ ಕೇಳಿರ್ಲಿಲ್ಲ. ಶೆಡ್ಡಲ್ಲಿ ಇದ್ದಿದ್ದು ಓಬಳೇಶನ ಲಗೇಜ್ ಆಟೋ, ಅದು ಹಿಂದಕ್ಕೆ ಉರುಳದಂಗೆ ಚಕ್ರದಡಿ ಇಟ್ಟಿದ್ದ ಒಂದು ಕಲ್ಲು, ಅಷ್ಟೇ.

"ನಡುಗ್ತಾ ಇದೀಯಲ್ಲೋ," ಅಂತು ಕಲ್ಲು.

ಹಾರನ್ ಮಧ್ಯೆ ಬಾಯಿ ಹಾಕ್ತು. "ಹೊಸ ರೂಲ್ಸ್ ಬಂದಿದೆ ಗುರೂ! ಸಣ್ಣ ಗಾಡಿಗಳಿಗೆ ಇನ್ಮೇಲೆ ವರ್ಷವರ್ಷ ಎಫ್‌ಸಿ ಚೆಕಿಂಗ್ ಇಲ್ಲ, ಗಾಡಿ ಫಿಟ್ ಆಗಿದ್ಯಾ ಅಂತ ಯಾರೂ ನೋಡಲ್ಲ. ಬಾಡಿಗೆ ಬಿಟ್ಟು ಎರಡೆರಡು ದಿನ ಆರ್‌ಟಿಓ ಆಫೀಸ್ ಮುಂದೆ ಕಾಯೋದು, ಬ್ರೋಕರ್ ಹತ್ರ ಹಲ್ಲು ಗಿಂಜೋದು, ಎಲ್ಲಾ ಕಟ್! ಓಬಳೇಶಣ್ಣ ನಿನ್ನೆಯಿಂದ ಕುಣೀತಿದಾನೆ."

"ಕುಣೀಲಿ ಪಾಪ, ಆ ಕಾಟ ನಾನೂ ನೋಡಿದೀನಿ," ಅಂತು ಬ್ರೇಕು. " ಆದ್ರೆ ಎಫ್‌ಸಿ ಹಿಂದಿನ ದಿನ ಮಾತ್ರ ಅವ್ನು ನನ್ನ ಬಿಚ್ಚಿ ನೋಡ್ತಿದ್ದ. ಈಗ ಸವೆದು ಹಪ್ಪಳ ಆಗಿದೀನಿ. ಇನ್ಯಾರು ನೋಡ್ತಾರೆ?"

"ಅವ್ನೇ ನೋಡ್ತಾನೆ ಬಿಡು. ಜೀವ ಅವಂದಲ್ವಾ?" ಅಂತು ಹಾರನ್.

ಕಲ್ಲು ನಕ್ಬಿಡ್ತು. "ಆರು ತಿಂಗಳಿಂದ ಈ ಗಾಡಿ ಹಿಡ್ಕೊಂಡಿರೋದು ನಾನು. ಅವ್ನು ನೋಡೋನಾಗಿದ್ರೆ ನನ್ನ ಯಾಕೆ ಹೊತ್ಕೊಂಡು ಬರ್ತಿದ್ದ?"

"ಹಂಗಾದ್ರೆ ಇವತ್ತು ನನ್ ಜೊತೆ ಬಾ ಮಾರಾಯ," ಅಂತ ಬ್ರೇಕು ಗೋಗರೀತು. "ಮಾರ್ಕೆಟ್ ದಾರಿ ಪೂರಾ ಇಳಿಜಾರು, ಮೇಲೆ ಈರುಳ್ಳಿ ಲೋಡು."

"ನಾನು ನಿಂತಿರೋ ಗಾಡಿಗೆ ಮಾತ್ರ ಕಣೋ."

ಅಷ್ಟರಲ್ಲಿ ಓಬಳೇಶ ಬಂದ. ಗಾಡಿ ಮುಂದೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ದ. ಹಾರನ್ ಒರೆಸ್ದ, ಕೈ ಮುಗಿದ. ಕಲ್ಲನ್ನ ಕಾಲಲ್ಲಿ ತಳ್ಳಿದ್ದೇ ತಡ, ಗಾಡಿ ತಂತಾನೇ ಹಿಂದಕ್ಕೆ ಬಾಗಿಲಾಚೆ ಉರುಳಿ, ಅಂಗಳದ ಸಮತಟ್ಟಲ್ಲಿ ನಿಂತ್ಕೊಳ್ತು.

"ನೋಡಪ್ಪಾ, ಇವತ್ತು ಗಾಡೀಗೂ ಅವಸರ!" ಅಂತ ನಗ್ತಾ ಓಬಳೇಶ ಹೊರಗೆ ಹೋಗಿ, ಕಲ್ಲನ್ನ ಒಳಗೇ ಬಿಟ್ಟು ಶೆಡ್ಡಿನ ಬಾಗಿಲು ಹಾಕ್ದ.