ಕಾರೆ ಗಿಡದ ಕಂಬಳಿ

ಲೋಕದ ಮೈಮೇಲಿನ ಹಸಿ ಇನ್ನೂ ಆರಿರದ ಕಾಲ ಅದು. ಗುಡ್ಡಗಳಿಗೆ ಹೆಸರಿರಲಿಲ್ಲ. ಮಳೆಗೆ ಈ ಬಯಲಿನ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ ಬಿಡು. ಗಿಡ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಕುರಿಗಳಿಗೆ ಮಾತ್ರ ಮೇಯುವುದು ಬಿಟ್ಟು ಪುರುಸೊತ್ತಿರಲಿಲ್ಲ.

ಆ ಬಯಲಿಗೆ ಮೊದಲ ಮಂದೆ ಹೊಡೆದುಕೊಂಡು ಬಂದವಳು ಬೀರವ್ವ. ಜೊತೆಗೆ ಅವಳ ಅತ್ತೆ ಕೆಂಚವ್ವ. ಬೀಜದ ತುದಿಯಲ್ಲಿ ಸೂಜಿಯಂಥ ಊಬಿರುವ ಹುಲ್ಲು ಮೊಣಕಾಲೆತ್ತರ ನಿಂತಿತ್ತು. ನಡುನಡುವೆ ಹಳದಿ ಹೂವಿನ ತಂಗಡಿ, ಮೈಯೆಲ್ಲ ಮುಳ್ಳಾದ ಕಾರೆ. ಅತ್ತೆ ಸೊಸೆಗೆ ಇದ್ದದ್ದು ಆ ಮಂದೆಯೊಂದೇ. ಕುರಿ ಇದ್ದರೆ ಹಾಲು, ಕುರಿ ಇದ್ದರೆ ಕಂಬಳಿ, ಕುರಿ ಹೋದರೆ ಏನೂ ಇಲ್ಲ.

ಬೀರವ್ವ ಒಳ್ಳೆಯವಳೇ. ಆದರೆ ಅನುಮಾನ ಅಂದರೆ ಅನುಮಾನ. ಹಾಲು ಉಕ್ಕಿದರೆ ಬೆಂಕಿಯ ಮೇಲೆ ಅನುಮಾನ, ನೆರಳು ಸರಿದರೆ ಸೂರ್ಯನ ಮೇಲೆ ಅನುಮಾನ.

ಒಂದು ಸಂಜೆ ಕಾರೆ ಗಿಡದ ಮುಳ್ಳಿನಲ್ಲಿ ಉಣ್ಣೆಯ ಎಳೆ ಕಂಡಿತು. ಮರುದಿನ ಇನ್ನಷ್ಟು ಕಂಡಿತು. ಅದರ ಮರುದಿನ ಹಳೇ ಉಣ್ಣೆ ಇರಲಿಲ್ಲ, ಹೊಸದಿತ್ತು.

"ಅತ್ತೆ, ಈ ಕಾರೆ ನಮ್ಮ ಉಣ್ಣೆ ಕದೀತಾ ಐತೆ," ಅಂದಳು ಬೀರವ್ವ.

"ಗಿಡಕ್ಕೆ ಉಣ್ಣೆ ಯಾಕವ್ವ?"

"ಯಾಕೆ ಅಂದ್ರೆ? ಕಂಬಳಿ ನೇಯಾಕೆ. ಇವತ್ತು ಉಣ್ಣೆ, ನಾಳೆ ಕುರಿ."

ಕೆಂಚವ್ವ ನಗಲಿಲ್ಲ. ನಕ್ಕರೆ ಸೊಸೆಗೆ ಆ ನಗುವಿನ ಮೇಲೂ ಅನುಮಾನ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಬೀರವ್ವ ಗಿಡದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಉಣ್ಣೆ ಎಲ್ಲಿಟ್ಟೆ?"

"ನಾನೇನೂ ಇಟ್ಕೊಂಡಿಲ್ಲ ತಾಯಿ. ಯಾರದೋ ಅವರಿಗೆ ಕೊಟ್ಟೆ," ಅಂದಿತು ಕಾರೆ.

"ಯಾರಿಗೆ?"

"ಮಳೆ ಬರಲಿ, ನಿನಗೇ ಗೊತ್ತಾಗುತ್ತೆ."

ಅಷ್ಟರಲ್ಲಿ ಗಾಳಿ ಬೀಸಿತು. ಗಿಡದ ಒಂದು ಕೊಂಬೆ ಇನ್ನೊಂದನ್ನು ಸವರಿತು. "ನೋಡಿದ್ಯಾ ಅತ್ತೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತು," ಅಂದಳು ಬೀರವ್ವ. ಆಮೇಲೆ ಗಾಳಿಯನ್ನೂ ಕೇಳಿದಳು. "ನಾನು ಬರೋನು, ಹೋಗೋನು, ನನ್ನನ್ನ ಸಾಕ್ಷಿಗೆ ಎಳೀಬೇಡ," ಅಂದಿತು ಗಾಳಿ. ಸರಿ, ಕಳ್ಳತನದಲ್ಲಿ ಇವನಿಗೂ ಪಾಲಿದೆ ಅಂದುಕೊಂಡಳು.

ಕೊಡಲಿ ತಂದಳು. "ಬುಡಕ್ಕೆ ಹಾಕಬೇಡವ್ವ, ಕೊಂಬೆ ಕಡಿ ಸಾಕು," ಅಂದಳು ಕೆಂಚವ್ವ. ಅತ್ತೆಗೆ ಯಾಕೆ ಈ ಗಿಡದ ಮೇಲೆ ಇಷ್ಟು ಮಮತೆ ಎಂದು ಅದೂ ಒಂದು ಅನುಮಾನವಾಯಿತು. ಬೀರವ್ವ ಬುಡಕ್ಕೇ ಹಾಕಿದಳು, ಆ ಒಂದಕ್ಕಲ್ಲ, ಬಯಲಿನ ಕಾರೆಗಳಿಗೆಲ್ಲ. ಕಡಿದ ಮುಳ್ಳನ್ನೆಲ್ಲ ಎಳೆದು ತಂದು ಕುರಿಗಳ ಸುತ್ತ ಬೇಲಿ ಕಟ್ಟಿದಳು. "ಕಳ್ಳನನ್ನೇ ಕಾವಲಿಗೆ ಹಾಕಿದೀನಿ," ಅಂದು ಮೀಸೆಯಿಲ್ಲದೆಯೂ ಮೀಸೆ ತಿರುವಿದಳು.

ದಿಬ್ಬದ ಪಕ್ಕದ ಒಂದು ಕಾರೆಯನ್ನು ಮಾತ್ರ ಬಿಟ್ಟಳು. ಕನಿಕರದಿಂದಲ್ಲ. ಎಲ್ಲಾ ಕಡಿದರೆ ಕಂಬಳಿ ಬಚ್ಚಿಟ್ಟ ಜಾಗ ತೋರಿಸುವವರು ಯಾರು?

ಬೇಸಿಗೆ ಬಂತು. ಮೊದಲೆಲ್ಲ ಮುಳ್ಳಿನೊಳಗಿನ ಹುಲ್ಲಿಗೆ ಕುರಿಯ ಬಾಯಿ ಎಟುಕುತ್ತಿರಲಿಲ್ಲ. ಈಗ ಎಲ್ಲವೂ ಎಟುಕಿತು. ಕುರಿಗಳು ಬೇರಿನ ತನಕ ಮೇಯ್ದವು. ಬರಿ ನೆಲದ ಮಣ್ಣನ್ನು ಗಾಳಿ ಹೊತ್ತುಕೊಂಡು ಹೋಯಿತು, ಬೀಜವನ್ನೂ ಹೊತ್ತುಕೊಂಡು ಹೋಯಿತು. ಮಳೆ ಬಂತು, ನಿಲ್ಲಲು ಜಾಗವಿಲ್ಲದೆ ಹರಿದುಹೋಯಿತು. ಬಯಲಿನಲ್ಲಿ ಉಳಿದದ್ದು ತಂಗಡಿ, ಅದನ್ನು ಕುರಿ ಮೂಸುವುದೂ ಇಲ್ಲ. ತಾಯಿಕುರಿಗಳ ಕೆಚ್ಚಲು ಬತ್ತಿತು. ಮರಿಗಳು ಗುದ್ದಿ ಗುದ್ದಿ ನೋಡಿ ಸುಮ್ಮನೆ ಮಲಗಿದವು.

"ಮಂದೆ ಉಳಿಯಲ್ಲ ಕಣವ್ವ," ಅಂದಳು ಕೆಂಚವ್ವ.

ಬೀರವ್ವನಿಗೆ ಸಂಕಟ ತಡೆಯಲಾಗಲಿಲ್ಲ. ಕುರಿ ಹೋದರೂ ಕದ್ದ ಕಂಬಳಿಯಾದರೂ ಸಿಗಲಿ ಎಂದು ಆ ಒಂಟಿ ಕಾರೆಯೊಳಗೆ ನುಗ್ಗಿದಳು. ಮುಳ್ಳು ಕೈ ಗೀರಿತು, ಸೆರಗು ಹಿಡಿಯಿತು. ಬಿಡಿಸಿಕೊಂಡು ಬುಡ ತಲುಪಿದಳು.

ಅಲ್ಲಿ ಕಂಬಳಿ ಇರಲಿಲ್ಲ. ಹುಲ್ಲಿತ್ತು. ಹಸಿರು ಹುಲ್ಲು. ಮೇಲಿಂದ ಬಿದ್ದ ಉಣ್ಣೆಯ ಎಳೆಗಳು ನೆನೆದು ಮಣ್ಣಿಗೆ ಅಂಟಿದ್ದವು. ಒಂದೊಂದು ಎಳೆಯಲ್ಲೂ ಊಬು ಚುಚ್ಚಿಕೊಂಡ ಬೀಜ, ಬೀಜದಿಂದ ಮೊಳಕೆ.

ಬೀರವ್ವ ಅಲ್ಲೇ ಕೂತಳು. ಈ ಬೀಜ ಅವಳಿಗೆ ಗೊತ್ತಿತ್ತು. ಉಣ್ಣೆ ಹಿಂಜುವಾಗೆಲ್ಲ ಬೆರಳಿಗೆ ಚುಚ್ಚುತ್ತಿದ್ದದ್ದು, ಶನಿ ಎಂದು ಆರಿಸಿ ಆರಿಸಿ ಒಲೆಗೆ ಎಸೆಯುತ್ತಿದ್ದದ್ದು ಇದೇ.

"ಹುಲ್ಲಿನ ಮಕ್ಕಳನ್ನ ನಿನ್ನ ಕುರಿಗಳು ಮೈಮೇಲೆ ಹೊತ್ಕೊಂಡು ಹೋಗ್ತಿದ್ವು. ನಾನು ಕಿತ್ಕೊಂಡು ಹುಲ್ಲಿಗೆ ವಾಪಸ್ ಕೊಡ್ತಿದ್ದೆ," ಅಂದಿತು ಕಾರೆ.

"ಹಂಗಾದ್ರೆ ಕಳ್ಳತನ ನಮ್ಮ ಮನೇದೇ," ಅಂದಳು ಬೀರವ್ವ. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

ಅತ್ತೆ ಸೊಸೆ ಸೇರಿ ಬೇಲಿ ಬಿಚ್ಚಿದರು. ಮುಳ್ಳಿನ ಕೊಂಬೆಗಳನ್ನು ಬೋಳು ನೆಲದ ಮೇಲೆ ಹರಡಿದರು. ಒಂದೊಂದು ಕುರಿಯ ಮೈ ತಡಕಿ ಬೀಜ ಆರಿಸಿ ಆ ಕೊಂಬೆಗಳ ಅಡಿ ಉದುರಿಸಿದರು. ಮುಂದಿನ ಮಳೆಗೆ ಮುಳ್ಳಿನ ಸಂದಿಯಲ್ಲಿ ಹುಲ್ಲು ಎದ್ದಿತು, ಕಡಿದ ಕಾರೆಯ ಬುಡಗಳೂ ಚಿಗುರಿದವು. ಅಷ್ಟರೊಳಗೆ ಎಷ್ಟೋ ಮರಿಗಳು ಕಣ್ಣುಮುಚ್ಚಿದ್ದವು. ಬೀರವ್ವ ಅವಕ್ಕಾಗಿ ಅತ್ತಳು, ಉಳಿದವನ್ನು ತಬ್ಬಿಕೊಂಡಳು, ಇನ್ನೆಂದೂ ಕಾರೆಯ ಬುಡಕ್ಕೆ ಕೊಡಲಿ ಹಾಕಲಿಲ್ಲ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ. ದಿನಾ ಸಂಜೆ ಮನೆಗೆ ತಿರುಗುವಾಗ ಕೋಲಿನಿಂದ ಒಂದು ಕೊಂಬೆ ಎತ್ತಿ ನೋಡುತ್ತಿದ್ದಳು. "ಇನ್ನೇನು ನೋಡ್ತೀಯೆ?" ಅಂತ ಅತ್ತೆ ಕೇಳಿದರೆ, "ಉಣ್ಣೆ ಇಟ್ಕೊಂಡಿಲ್ಲ ಅಂತು ಸರಿ. ಕಂಬಳಿ ಇಲ್ಲ ಅಂತ ಅದು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ," ಅನ್ನುತ್ತಿದ್ದಳು.

ಅದಕ್ಕೇ ಮಗಾ, ಇವತ್ತಿಗೂ ಬಯಲಿನ ಕಾರೆ ಮುಳ್ಳಿನಲ್ಲಿ ಉಣ್ಣೆಯ ಎಳೆ ತೂಗುತ್ತದೆ, ಸುತ್ತೆಲ್ಲ ಒಣಗಿದರೂ ಅದರ ಬುಡದಲ್ಲಿ ಹುಲ್ಲು ಹಸಿರಾಗಿರುತ್ತದೆ, ಕುರಿ ಕಾಯುವ ಹೆಂಗಸು ಆ ದಾರಿಯಲ್ಲಿ ಬಂದರೆ ಕೋಲಿನಿಂದ ಕೊಂಬೆ ಎತ್ತಿ, ಒಳಗೊಮ್ಮೆ ಇಣುಕಿ ನೋಡಿಯೇ ಮುಂದೆ ಹೋಗುತ್ತಾಳೆ.